ಗೆದ್ದಿದ್ದು ಕಾರೋ, ಚಾಲಕನೋ? ಫಾರ್ಮುಲಾ 1ರ ಹಳೇ ಜಗಳಕ್ಕೆ ಒಂದು ಲೆಕ್ಕ

ಭಾನುವಾರ ಸಂಜೆ ಫಾರ್ಮುಲಾ 1 ರೇಸ್ ಮುಗಿದ ಹತ್ತು ನಿಮಿಷಕ್ಕೆ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹಳೇ ವಾಟ್ಸ್ಯಾಪ್ ಗ್ರೂಪಿಗೆ ಜೀವ ಬರುತ್ತೆ. ಉಳಿದ ದಿನ ಹುಟ್ಟುಹಬ್ಬದ ಶುಭಾಶಯ, ಸೈಟಿನ ರೇಟು, ಮಕ್ಕಳ ಸ್ಕೂಲ್ ಫೀಸು ಬಿಟ್ರೆ ಅಲ್ಲಿ ಬೇರೆ ಮಾತಿಲ್ಲ. ರೇಸ್ ದಿನ ಮಾತ್ರ ಜಗಳ ಗ್ಯಾರಂಟಿ. 'ಆ ಕಾರು ಕೊಟ್ರೆ ಯಾರು ಬೇಕಾದ್ರೂ ಗೆಲ್ತಾರೆ ಮಗಾ' ಅಂತ ಒಬ್ಬ. 'ಹಾಗಾದ್ರೆ ಅದೇ ಕಾರಲ್ಲಿದ್ದ ಇನ್ನೊಬ್ಬ ಯಾಕೆ ಗೆಲ್ಲಲಿಲ್ಲ?' ಅಂತ ಮತ್ತೊಬ್ಬ. ಹದಿನೈದು ವರ್ಷದಿಂದ ಇದೇ ಎರಡು ವಾಕ್ಯ, ಚಾಲಕರ ಹೆಸರಷ್ಟೇ ಬದಲಾಗಿದೆ.

ಈ ಜಗಳಕ್ಕೆ ಯಾವತ್ತೂ ಬಾಯಿ ಹಾಕದ ಒಬ್ಬ ಆ ಗ್ರೂಪಿನಲ್ಲಿದ್ದಾನೆ. ನಮ್ಮ ಕಾಲೇಜು ತಂಡ ಕಟ್ಟಿದ ರೇಸ್ ಕಾರನ್ನು ಓಡಿಸಿದವನು ಅವನೇ. ಅವನ ವಿಷಯ ಕೊನೆಗೆ ಹೇಳ್ತೀನಿ. ಅದಕ್ಕೂ ಮೊದಲು, ಕಾರಿನ ಪಾಲೆಷ್ಟು, ಚಾಲಕನ ಪಾಲೆಷ್ಟು ಅನ್ನೋದನ್ನು ಗೊತ್ತಿರುವ ಅಂಕಿಗಳನ್ನಿಟ್ಟುಕೊಂಡು ಬಿಡಿಸಿ ನೋಡೋಣ.

ಒಂದೇ ರೇಸಿನಲ್ಲಿ ಇಡೀ ಪ್ರಶ್ನೆ

2009ರ ಆಗಸ್ಟ್ 30. ಬೆಲ್ಜಿಯಮ್‌ನ ಸ್ಪಾ ಟ್ರ್ಯಾಕ್. ಬೆಂಗಳೂರಿನ ಯುಬಿ ಸಮೂಹದ ವಿಜಯ್ ಮಲ್ಯ ಆಗ ನಡೆಸುತ್ತಿದ್ದ ಫೋರ್ಸ್ ಇಂಡಿಯಾ ತಂಡಕ್ಕೆ ಅಲ್ಲಿಯವರೆಗೆ ಒಂದೇ ಒಂದು ಅಂಕವೂ ಸಿಕ್ಕಿರಲಿಲ್ಲ. ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ ಆ ತಂಡದ ಜಾನ್‌ಕಾರ್ಲೊ ಫಿಸಿಕೆಲ್ಲಾ ಎಲ್ಲರನ್ನೂ ಹಿಂದಿಕ್ಕಿ ಪೋಲ್ ಪೊಸಿಷನ್ ಹಿಡಿದರು. ಭಾನುವಾರ ಎರಡನೆಯವರಾಗಿ ಗುರಿ ಮುಟ್ಟಿದರು. ಗೆದ್ದಿದ್ದು ಫೆರಾರಿಯ ಕಿಮಿ ರೈಕೊನೆನ್. ಅಂತರ ಒಂದು ಸೆಕೆಂಡಿಗಿಂತ ಕಡಿಮೆ.

ಈಗ ಅದೇ ರೇಸಿನ ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದಿ. ಗುರಿ ಮುಟ್ಟಿದವರಲ್ಲಿ ಕೊನೆಯವರು ಲೂಕಾ ಬಡೊಯೆರ್. ಅವರು ಓಡಿಸಿದ್ದು ಕೂಡ ಫೆರಾರಿಯೇ, ರೈಕೊನೆನ್ ಗೆದ್ದ ಅದೇ ಮಾದರಿಯ ಕಾರು. ಇತ್ತ ಫಿಸಿಕೆಲ್ಲಾ ಎರಡನೇ ಸ್ಥಾನಕ್ಕೆ ತಂದ ಫೋರ್ಸ್ ಇಂಡಿಯಾದ ಇನ್ನೊಂದು ಕಾರಿನಲ್ಲಿದ್ದ ಏಡ್ರಿಯನ್ ಸುಟಿಲ್‌ಗೆ ಅಂಕವೇ ಸಿಗಲಿಲ್ಲ. ಇಷ್ಟು ನೋಡಿದ್ರೆ 'ಎಲ್ಲಾ ಚಾಲಕನದ್ದೇ' ಅನ್ನಿಸುತ್ತೆ, ಅಲ್ವಾ?

ಮುಂದೆ ಕೇಳಿ. ಬಡೊಯೆರ್ ಜಾಗಕ್ಕೆ ಫೆರಾರಿ ಕರೆಸಿಕೊಂಡಿದ್ದು ಇದೇ ಫಿಸಿಕೆಲ್ಲಾರನ್ನು. ಇಟಲಿಯ ಚಾಲಕ, ಇಟಲಿಯ ತಂಡ, ಮುಂದಿನ ರೇಸ್ ಇಟಲಿಯ ಮೊಂಜಾದಲ್ಲಿ. ಸಿನಿಮಾ ಆಗಿದ್ದರೆ ಅಲ್ಲೇ ಶುಭಂ. ಆದರೆ ಆ ವರ್ಷ ಉಳಿದ ಐದು ರೇಸ್‌ಗಳಲ್ಲಿ ಫೆರಾರಿ ಓಡಿಸಿದ ಫಿಸಿಕೆಲ್ಲಾಗೆ ಸಿಕ್ಕ ಅಂಕ ಸೊನ್ನೆ. ಅದೇ ಮೊಂಜಾದಲ್ಲಿ ಅವರು ಬಿಟ್ಟುಬಂದ ಫೋರ್ಸ್ ಇಂಡಿಯಾದಲ್ಲಿ ಸುಟಿಲ್ ನಾಲ್ಕನೆಯವರಾದರು. ಫೆರಾರಿಯಲ್ಲೇ ಇದ್ದ ರೈಕೊನೆನ್ ಮೂರನೆಯವರಾದರು.

ಹಾಗಾದ್ರೆ ಫಿಸಿಕೆಲ್ಲಾ ಎರಡು ವಾರದಲ್ಲಿ ಕಾರು ಓಡಿಸೋದು ಮರೆತರಾ? ಇಲ್ಲ. ಆ ಫೋರ್ಸ್ ಇಂಡಿಯಾ ಕಾರು ಗಾಳಿಯನ್ನು ಕಡಿಮೆ ತಡೆಯುತ್ತಿತ್ತು. ಹಾಗಾಗಿ ಉದ್ದುದ್ದ ನೇರ ದಾರಿಗಳಿರುವ ಸ್ಪಾ ಮತ್ತು ಮೊಂಜಾದಲ್ಲಿ ಅದರ ಗುಣ ಹೊರಬಂತು. ಫೆರಾರಿಯ ಸ್ವಭಾವವೇ ಬೇರೆ. ಅದರಲ್ಲಿ ಬ್ರೇಕ್ ಹಾಕುವಾಗಿನ ಶಕ್ತಿಯನ್ನು ಕೂಡಿಟ್ಟುಕೊಂಡು, ಬೇಕಾದಾಗ ಸುಮಾರು 80 ಅಶ್ವಶಕ್ತಿಯನ್ನು ಆರೂಚಿಲ್ಲರೆ ಸೆಕೆಂಡು ಕೊಡುವ ಕೆಇಆರ್‌ಎಸ್ ಎಂಬ ವ್ಯವಸ್ಥೆಯಿತ್ತು. ಸ್ಪಾದಲ್ಲಿ ಸೇಫ್ಟಿ ಕಾರ್ ಒಳಗೆ ಹೋದ ಕೂಡಲೇ ರೈಕೊನೆನ್ ಅದನ್ನು ಬಳಸಿಯೇ ಫಿಸಿಕೆಲ್ಲಾರನ್ನು ದಾಟಿದ್ದು. ಅಂಥ ಕಾರನ್ನು ಅರ್ಥ ಮಾಡಿಕೊಳ್ಳಲು ಅಭ್ಯಾಸ ಬೇಕು. ಆ ವರ್ಷ ಸೀಸನ್ ನಡುವೆ ಟೆಸ್ಟಿಂಗ್ ನಿಷೇಧ ಬೇರೆ. ಬಡೊಯೆರ್ ಅಂತೂ ಹತ್ತು ವರ್ಷದಿಂದ ರೇಸಿಗೇ ಇಳಿದಿರಲಿಲ್ಲ.

ಅಂದ್ರೆ ಉತ್ತರ 'ಕಾರು' ಅಂತಲೂ ಅಲ್ಲ, 'ಚಾಲಕ' ಅಂತಲೂ ಅಲ್ಲ. ಆ ಕಾರು, ಆ ಚಾಲಕ, ಆ ಟ್ರ್ಯಾಕು ಮೂರೂ ಹೊಂದಿಕೊಂಡವಾ ಅನ್ನೋದು. ಆದರೆ 'ಎರಡೂ ಮುಖ್ಯ' ಅಂತ ಹೇಳಿ ಕೈ ತೊಳೆದುಕೊಂಡರೆ ಲೇಖನ ಇಲ್ಲಿಗೇ ಮುಗಿಯುತ್ತೆ. ಎಷ್ಟೆಷ್ಟು ಅಂತ ಅಳೆಯೋಕೆ ಆಗುತ್ತಾ?

ಕಾರು ಅಂದ್ರೆ ಏನೇನು?

'ಒಳ್ಳೆ ಕಾರು' ಅಂದ ಕೂಡಲೇ ನಮಗೆ ನೆನಪಾಗೋದು ಎಂಜಿನ್. ಅದು ನಮ್ಮ ರಸ್ತೆ ಮೇಲಿನ ಅಭ್ಯಾಸ. ಫಾರ್ಮುಲಾ 1ರಲ್ಲಿ ತಂಡತಂಡಗಳ ನಡುವಿನ ದೊಡ್ಡ ವ್ಯತ್ಯಾಸ ಬರೋದು ಗಾಳಿಯಿಂದ. ರೆಕ್ಕೆಗಳು ಮತ್ತು ಕಾರಿನ ತಳಭಾಗ ಸೇರಿ ಕಾರನ್ನು ನೆಲಕ್ಕೆ ಒತ್ತುತ್ತವೆ. ಇದೇ ಡೌನ್‌ಫೋರ್ಸ್. ವೇಗ ಎರಡು ಪಟ್ಟಾದರೆ ಈ ಒತ್ತಡ ನಾಲ್ಕು ಪಟ್ಟಾಗುತ್ತೆ. ಒತ್ತಡ ಜಾಸ್ತಿಯಾದಷ್ಟೂ ಟೈರು ನೆಲವನ್ನು ಗಟ್ಟಿಯಾಗಿ ಹಿಡಿಯುತ್ತೆ, ತಿರುವಿನಲ್ಲಿ ವೇಗ ಇಳಿಸಬೇಕಾದ ಅಗತ್ಯ ಕಡಿಮೆಯಾಗುತ್ತೆ. ಆದರೆ ಪುಕ್ಕಟೆ ಏನೂ ಸಿಗಲ್ಲ. ರೆಕ್ಕೆ ದೊಡ್ಡದಾದಷ್ಟೂ ನೇರ ದಾರಿಯಲ್ಲಿ ಗಾಳಿ ಹಿಂದಕ್ಕೆಳೆಯುತ್ತೆ. ಈ ಕೊಡುಕೊಳ್ಳುವ ವ್ಯಾಪಾರದಲ್ಲಿ ಯಾರು ಕಡಿಮೆ ಕೊಟ್ಟು ಹೆಚ್ಚು ತಗೊಂಡ್ರು ಅನ್ನೋದೇ ಡಿಸೈನ್ ಕೆಲಸ.

ಎರಡನೆಯದು ಟೈರು. ಎಲ್ಲರಿಗೂ ಒಂದೇ ಕಂಪನಿಯ ಟೈರು. ಆದರೂ ಒಂದು ಕಾರು ಅದನ್ನು ಸರಿಯಾದ ಬಿಸಿಗೆ ತಂದು ಮೂವತ್ತು ಲ್ಯಾಪ್ ಬಾಳಿಸುತ್ತೆ, ಇನ್ನೊಂದು ಹದಿನೈದಕ್ಕೇ ತಿಂದು ಹಾಕುತ್ತೆ. ಶನಿವಾರ ವೇಗವಾಗಿದ್ದ ಕಾರು ಭಾನುವಾರ ಹಿಂದೆ ಬೀಳೋದಕ್ಕೆ ಬಹುತೇಕ ಇದೇ ಕಾರಣ. ಮೂರನೆಯದು ತೂಕ. ಹತ್ತು ಕೆಜಿ ಇಂಧನ ಹೆಚ್ಚಿದ್ದರೆ ಒಂದು ಲ್ಯಾಪಿಗೆ ಸುಮಾರು 0.3 ಸೆಕೆಂಡು ನಷ್ಟ ಅನ್ನೋದು ಪ್ಯಾಡಾಕಿನ ಬಾಯಿಲೆಕ್ಕ. ಅಭ್ಯಾಸದ ಸುತ್ತಿನ ಸಮಯ ನೋಡಿ ತೀರ್ಪು ಕೊಡಬೇಡಿ ಅಂತ ಹೇಳೋದು ಇದಕ್ಕೇ, ಯಾರ ಟ್ಯಾಂಕಿನಲ್ಲಿ ಎಷ್ಟಿದೆ ಅಂತ ನಮಗೆ ಕಾಣಲ್ಲ.

ಕಾರು ಎಷ್ಟು ದೂರ ಎತ್ತಬಲ್ಲದು ಅನ್ನೋದಕ್ಕೆ ಜೆನ್ಸನ್ ಬಟನ್ ಕಥೆಗಿಂತ ಒಳ್ಳೆ ಉದಾಹರಣೆ ಇಲ್ಲ. 2008ರಲ್ಲಿ ಹೋಂಡಾ ತಂಡದಲ್ಲಿ ಇಡೀ ವರ್ಷಕ್ಕೆ ಅವರಿಗೆ ಸಿಕ್ಕಿದ್ದು 3 ಅಂಕ. ಆ ಡಿಸೆಂಬರ್‌ನಲ್ಲಿ ಹೋಂಡಾ ಕ್ರೀಡೆಯನ್ನೇ ಬಿಟ್ಟಿತು. ತಂಡವನ್ನು ರಾಸ್ ಬ್ರಾನ್ ವಹಿಸಿಕೊಂಡು ಬ್ರಾನ್ ಜಿಪಿ ಅಂತ ಹೆಸರಿಟ್ಟರು. ಹೋಂಡಾ ಕಾಲದಲ್ಲೇ ಶುರುವಾಗಿದ್ದ ಹೊಸ ಕಾರಿಗೆ ಮರ್ಸಿಡಿಸ್ ಎಂಜಿನ್ ಕೂರಿಸಿದರು. ಹಿಂಬದಿಯ ತಳದಲ್ಲಿ ಡಬಲ್ ಡಿಫ್ಯೂಸರ್ ಎಂಬ ಜಾಣ ವಿನ್ಯಾಸವಿತ್ತು. 2009ರ ಮೊದಲ ಏಳು ರೇಸ್‌ಗಳಲ್ಲಿ ಆರನ್ನು ಗೆದ್ದ ಬಟನ್, ಒಟ್ಟು 95 ಅಂಕಗಳೊಂದಿಗೆ ವಿಶ್ವ ಚಾಂಪಿಯನ್ ಆದರು. ಅದೇ ಮನುಷ್ಯ, ಅದೇ ಅಂಕ ಪದ್ಧತಿ. ಮೂರರಿಂದ ತೊಂಬತ್ತೈದು.

ಚಾಲಕ ಮಾಡೋದೇನು?

ಟಿವಿಯಲ್ಲಿ ನೋಡಿದರೆ ಸ್ಟೀರಿಂಗ್ ತಿರುಗಿಸ್ತಾ ಕೂತಿದ್ದಾನೆ ಅನ್ನಿಸುತ್ತೆ. ಕೆಲಸದ ಬಹುಪಾಲು ಇರೋದು ಬ್ರೇಕ್ ಪೆಡಲಿನಲ್ಲಿ. ಮುನ್ನೂರು ಕಿ.ಮೀ. ವೇಗದಿಂದ ನಿಧಾನ ತಿರುವಿಗೆ ಇಳಿಯುವಾಗ ಚಾಲಕನ ಮೈಮೇಲೆ ಗುರುತ್ವದ ಐದು ಪಟ್ಟಿನಷ್ಟು ಬಲ ಬೀಳುತ್ತೆ. ಪೆಡಲನ್ನು ನೂರು ಕೆಜಿಗೂ ಹೆಚ್ಚು ಭಾರದಲ್ಲಿ ತುಳಿಯಬೇಕು. ವೇಗ ಇಳಿದಂತೆ ಡೌನ್‌ಫೋರ್ಸ್ ಕೂಡ ಇಳಿಯುತ್ತೆ, ಹಾಗಾಗಿ ಪೆಡಲ್ ಮೇಲಿನ ಒತ್ತಡವನ್ನು ಅಷ್ಟೇ ಹದವಾಗಿ ಸಡಿಲಿಸುತ್ತಾ ಸ್ಟೀರಿಂಗ್ ತಿರುಗಿಸಬೇಕು. ಸ್ವಲ್ಪ ಜಾಸ್ತಿಯಾದರೆ ಚಕ್ರ ಲಾಕ್ ಆಗುತ್ತೆ. ಕಡಿಮೆಯಾದರೆ ಸಮಯ ಹೋಯ್ತು. ಎರಡರ ನಡುವಿನ ಆ ಕೂದಲೆಳೆಯಷ್ಟು ಜಾಗದಲ್ಲಿ ಲ್ಯಾಪಿಗೆ ಹತ್ತಿಪ್ಪತ್ತು ಸಲ, ಒಂದೂವರೆ ಗಂಟೆ ನಡೆಯೋನೇ ಒಳ್ಳೆ ಚಾಲಕ.

ಇದರ ಮೇಲೆ ಟೈರು ಉಳಿಸೋದು, ರೇಡಿಯೊದಲ್ಲಿ ಮಾತಾಡೋದು, ಸ್ಟೀರಿಂಗ್ ಮೇಲಿನ ಗುಂಡಿಗಳನ್ನು ತಿರುವಿಗೊಂದರಂತೆ ಬದಲಿಸೋದು. ಇನ್ನೊಂದು ಕೆಲಸ ಟಿವಿಯಲ್ಲಿ ಕಾಣೋದೇ ಇಲ್ಲ. ಕಾರು ಎಲ್ಲಿ ಜಾರಿತು, ಯಾಕೆ ಜಾರಿತು ಅಂತ ಎಂಜಿನಿಯರ್‌ಗಳಿಗೆ ಅರ್ಥವಾಗುವ ಹಾಗೆ ಹೇಳೋದು. 1996ರಲ್ಲಿ ಫೆರಾರಿ ಸೇರಿದ ಮೈಕಲ್ ಶೂಮಾಕರ್‌ಗೆ ಅಲ್ಲಿ ಮೊದಲ ಚಾಂಪಿಯನ್‌ಶಿಪ್ ಸಿಕ್ಕಿದ್ದು 2000ದಲ್ಲಿ. ನಡುವಿನ ವರ್ಷಗಳಲ್ಲಿ ರಾಸ್ ಬ್ರಾನ್, ರೋರಿ ಬರ್ನ್ ಅವರಂಥವರು ಬಂದು ಸೇರಿಕೊಂಡರು, ಕಾರು ವರ್ಷವರ್ಷಕ್ಕೂ ಬೆಳೆಯಿತು. ಆ ಕಾರಿನ ವೇಗದಲ್ಲಿ ಶೂಮಾಕರ್ ಪಾಲೆಷ್ಟು ಅಂತ ಯಾವ ಪಟ್ಟಿಯಲ್ಲೂ ಬರೆದಿರಲ್ಲ.

ಟೀಮ್‌ಮೇಟ್ ಅನ್ನೋ ಅಳತೆಗೋಲು

ಒಂದು ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಕಾರು ಒಂದೇ ಆದ್ದರಿಂದ ಇಬ್ಬರ ನಡುವಿನ ವ್ಯತ್ಯಾಸ ಅಂದ್ರೆ ಚಾಲಕರ ವ್ಯತ್ಯಾಸ. ಮೇಲ್ನೋಟಕ್ಕೆ ಇದು ಪ್ರಯೋಗಶಾಲೆಯಷ್ಟೇ ಚೊಕ್ಕಟ.

2020ರ ಸಾಖಿರ್ ಗ್ರ್ಯಾನ್ ಪ್ರಿಯಲ್ಲಿ ಇಂಥದ್ದೊಂದು ಪ್ರಯೋಗ ತಾನಾಗಿಯೇ ನಡೆಯಿತು. ಲೂಯಿಸ್ ಹ್ಯಾಮಿಲ್ಟನ್‌ಗೆ ಕೋವಿಡ್ ಬಂತು. ಅವರ ಮರ್ಸಿಡಿಸ್‌ಗೆ ವಿಲಿಯಮ್ಸ್ ತಂಡದ ಜಾರ್ಜ್ ರಸೆಲ್‌ರನ್ನು ಕರೆತಂದರು. ಹಿಂದಿನ ಸಾಲಿನ ಆ ಕಾರಿನಲ್ಲಿ ಸುಮಾರು ಎರಡು ಸೀಸನ್ ಓಡಿಸಿದ್ದ ರಸೆಲ್‌ಗೆ ಅಲ್ಲಿಯವರೆಗೆ ಒಂದು ಅಂಕವೂ ಸಿಕ್ಕಿರಲಿಲ್ಲ. ಕಾಕ್‌ಪಿಟ್ ಇಕ್ಕಟ್ಟಾಗಿ ಒಂದು ಸೈಜು ಚಿಕ್ಕ ಶೂ ಹಾಕಿಕೊಂಡು ಕೂತ ಅವರು ಕ್ವಾಲಿಫೈಯಿಂಗ್‌ನಲ್ಲಿ ವಾಲ್ಟೆರಿ ಬೊಟಾಸ್‌ಗಿಂತ ಹಿಂದಿದ್ದದ್ದು ಬರೀ 0.026 ಸೆಕೆಂಡು. ರೇಸಿನ ಮೊದಲ ತಿರುವಿನಲ್ಲೇ ಬೊಟಾಸ್‌ರನ್ನು ದಾಟಿ ಬಹುಪಾಲು ಲ್ಯಾಪ್‌ಗಳಲ್ಲಿ ಮುಂದಿದ್ದರು. ಆಮೇಲೆ ಪಿಟ್‌ನಲ್ಲಿ ತಂಡ ಬೇರೆಯವರ ಟೈರು ಹಾಕಿತು, ಬಳಿಕ ಪಂಕ್ಚರ್ ಆಯಿತು, 9ನೇ ಸ್ಥಾನಕ್ಕೆ ತೃಪ್ತಿಪಟ್ಟರು. ಒಂದೇ ವಾರಾಂತ್ಯದಲ್ಲಿ ಎರಡೂ ರುಜುವಾತಾಯಿತು. ವಿಲಿಯಮ್ಸ್ ಕಾರು ಎಷ್ಟು ಹಿಂದಿತ್ತು, ಅದರೊಳಗಿದ್ದ ಹುಡುಗ ಎಷ್ಟು ಮುಂದಿದ್ದ ಅನ್ನೋದು.

ಆದರೆ ಈ ಅಳತೆಗೋಲಿಗೂ ಸೊಟ್ಟಗಳಿವೆ. ಮೊದಲನೆಯದು ಅದೃಷ್ಟ. 2016ರಲ್ಲಿ ಮರ್ಸಿಡಿಸ್‌ನ ನಿಕೊ ರೋಸ್‌ಬರ್ಗ್ 385 ಅಂಕ, ಹ್ಯಾಮಿಲ್ಟನ್ 380. ರೋಸ್‌ಬರ್ಗ್ ಚಾಂಪಿಯನ್. ಹ್ಯಾಮಿಲ್ಟನ್ ಗೆದ್ದ ರೇಸ್ 10, ರೋಸ್‌ಬರ್ಗ್ 9. ಮಲೇಷ್ಯಾದಲ್ಲಿ ಮುಂದಿದ್ದಾಗಲೇ ಹ್ಯಾಮಿಲ್ಟನ್ ಎಂಜಿನ್ ಸುಟ್ಟುಹೋಯಿತು. ಆ ಐದು ಅಂಕದ ವ್ಯತ್ಯಾಸದಲ್ಲಿ ಎಂಜಿನ್ ಪಾಲೆಷ್ಟು?

ಎರಡನೆಯದು, ಯಾವ ಅಂಕಿ ಹಿಡಿಯುತ್ತೀರಿ ಅನ್ನೋದು. 2010ರಿಂದ 2012ರವರೆಗೆ ಹ್ಯಾಮಿಲ್ಟನ್ ಮತ್ತು ಬಟನ್ ಮ್ಯಾಕ್ಲಾರೆನ್‌ನಲ್ಲಿ ಜೊತೆಗಿದ್ದರು. ಮೂರು ವರ್ಷದ ಒಟ್ಟು ಅಂಕ: ಬಟನ್ 672, ಹ್ಯಾಮಿಲ್ಟನ್ 657. ಗೆಲುವು: ಹ್ಯಾಮಿಲ್ಟನ್ 10, ಬಟನ್ 8. ಮೂರರಲ್ಲಿ ಎರಡು ವರ್ಷ ಮುಂದಿದ್ದವರು ಹ್ಯಾಮಿಲ್ಟನ್. ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರಿಗೆ ಯಾವುದು ಬೇಕೋ ಅದನ್ನು ಹಿಡಿದುಕೊಳ್ಳಬಹುದು.

ಮೂರನೆಯದು ನಮ್ಮವರ ಉದಾಹರಣೆ. ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್ 2005ರ ಅಮೆರಿಕ ಗ್ರ್ಯಾನ್ ಪ್ರಿಯಲ್ಲಿ ಜೋರ್ಡನ್ ಕಾರಿನಲ್ಲಿ 4ನೆಯವರಾದರು. ದಾಖಲೆ ಪುಸ್ತಕದಲ್ಲಿ ಅಷ್ಟೇ ಇರುತ್ತೆ. ಟೈರ್ ಸುರಕ್ಷತೆಯ ಕಾರಣಕ್ಕೆ ಮಿಷೆಲಿನ್ ಬಳಸುತ್ತಿದ್ದ ತಂಡಗಳೆಲ್ಲ ಹಿಂದೆ ಸರಿದು, ಅವತ್ತು ರೇಸ್ ಓಡಿದ್ದೇ ಆರು ಕಾರು ಅನ್ನೋದು ಇರಲ್ಲ. ಅದು ನಾರಾಯಣ್ ತಪ್ಪಲ್ಲ, ಬರೀ ಅಂಕಿಯ ಮಿತಿ.

ಕೂಡುವ ಲೆಕ್ಕ ಅಲ್ಲ, ಗುಣಿಸುವ ಲೆಕ್ಕ

ಈಗ ನಮ್ಮ ಗ್ರೂಪಿನ ಅತಿ ದೊಡ್ಡ ಜಗಳಕ್ಕೆ ಬರೋಣ. ರೆಡ್ ಬುಲ್ ಮತ್ತು ಮ್ಯಾಕ್ಸ್ ವರ್ಸ್ಟಪೆನ್.

2023ರಲ್ಲಿ ರೆಡ್ ಬುಲ್‌ನ ಆರ್‌ಬಿ19 ಕಾರು 22 ರೇಸ್‌ಗಳಲ್ಲಿ 21 ಗೆದ್ದಿತು. ವರ್ಸ್ಟಪೆನ್ 19, ಟೀಮ್‌ಮೇಟ್ ಸೆರ್ಗಿಯೊ ಪೆರೆಜ್ 2. ಅಂಕ 575 ಮತ್ತು 285. 'ಕಾರು ಅಷ್ಟು ಚೆನ್ನಾಗಿತ್ತು, ಅದಕ್ಕೇ ಪೆರೆಜ್ ಕೂಡ ಎರಡನೇ ಸ್ಥಾನ' ಅನ್ನಬಹುದು. 'ಅದೇ ಕಾರಿನಲ್ಲಿ ಅರ್ಧಕ್ಕರ್ಧ ವ್ಯತ್ಯಾಸ' ಅಂತಲೂ ಅನ್ನಬಹುದು. ಆ ವರ್ಷ ತಂಡಗಳ ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದ ಮರ್ಸಿಡಿಸ್‌ನ ಇಬ್ಬರು ಚಾಲಕರ ಒಟ್ಟು ಅಂಕ 409. ವರ್ಸ್ಟಪೆನ್ ಒಬ್ಬರದ್ದೇ ಅದಕ್ಕಿಂತ ಹೆಚ್ಚು.

ಸೋತ ಒಂದು ರೇಸ್ ಇನ್ನೂ ಸ್ವಾರಸ್ಯ. ಸಿಂಗಾಪುರದಲ್ಲಿ ಆ ಕಾರು ಟ್ರ್ಯಾಕಿಗೆ ಹೊಂದಲೇ ಇಲ್ಲ. ವರ್ಸ್ಟಪೆನ್ ಕ್ವಾಲಿಫೈಯಿಂಗ್‌ನಲ್ಲಿ 11ನೇ ಸ್ಥಾನ, ರೇಸಿನಲ್ಲಿ 5. ಗೆದ್ದಿದ್ದು ಫೆರಾರಿಯ ಕಾರ್ಲೊಸ್ ಸೈಂಜ್. ಒಂದೇ ವಾರದ ನಂತರ ಜಪಾನಿನ ಸುಜುಕಾದಲ್ಲಿ ವರ್ಸ್ಟಪೆನ್ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರದಲ್ಲಿ ಪೋಲ್ ಪಡೆದು, ರೇಸನ್ನೂ ಗೆದ್ದರು. ಚಾಲಕ ವಾರದಲ್ಲಿ ಕೆಟ್ಟು ವಾರದಲ್ಲಿ ಸುಧಾರಿಸಲ್ಲ.

2024ಕ್ಕೆ ಬನ್ನಿ. ಕಾರಿನ ಮೇಲುಗೈ ನಡುವಿನಲ್ಲೇ ಕರಗಿತು. ವರ್ಸ್ಟಪೆನ್ 437 ಅಂಕಗಳೊಂದಿಗೆ ಮತ್ತೆ ಚಾಂಪಿಯನ್. ಪೆರೆಜ್ 152 ಅಂಕ, 8ನೇ ಸ್ಥಾನ, ಗೆಲುವು ಸೊನ್ನೆ. ಚಾಂಪಿಯನ್ ಚಾಲಕನಿದ್ದ ತಂಡ ತಂಡಗಳ ಪಟ್ಟಿಯಲ್ಲಿ ಮ್ಯಾಕ್ಲಾರೆನ್, ಫೆರಾರಿ ಹಿಂದೆ ಮೂರನೇ ಸ್ಥಾನಕ್ಕಿಳಿಯಿತು. 2025ರಲ್ಲಿ ಪೆರೆಜ್ ಜಾಗಕ್ಕೆ ಬಂದ ಲಿಯಾಮ್ ಲಾಸನ್‌ರನ್ನು ಎರಡೇ ರೇಸ್‌ಗೆ ತೆಗೆದು ಯೂಕಿ ಸುನೋಡರನ್ನು ತಂದರು. ಸುನೋಡ ಕೂಡ ಒದ್ದಾಡಿದರು. ಅತ್ತ ಕಿರಿಯ ತಂಡ ರೇಸಿಂಗ್ ಬುಲ್ಸ್‌ಗೆ ವಾಪಸಾದ ಲಾಸನ್, ಬಾಕುವಿನಲ್ಲಿ 5ನೆಯವರಾದರು.

ಗ್ಯಾಸ್ಲಿ, ಆಲ್ಬನ್, ಪೆರೆಜ್, ಲಾಸನ್, ಸುನೋಡ. ಇವರೆಲ್ಲ ದಡ್ಡರಾ? ಬೇರೆ ಕಾರುಗಳಲ್ಲಿ ಇವರೆಲ್ಲ ಚೆನ್ನಾಗಿಯೇ ಓಡಿಸಿದವರು. ಇಲ್ಲೇ ಇರೋದು ವಿಷಯ. ವರ್ಸ್ಟಪೆನ್‌ಗೆ ಮುಂದಿನ ಚಕ್ರಗಳು ಹೇಳಿದ ಕ್ಷಣಕ್ಕೆ ತಿರುಗಬೇಕು, ಹಿಂಭಾಗ ಸ್ವಲ್ಪ ಜಾರಿದರೂ ಪರವಾಗಿಲ್ಲ. ಅಂಥ ಕಾರಿನ ಗರಿಷ್ಠ ವೇಗ ಹೆಚ್ಚು, ಆದರೆ ಅದನ್ನು ಹಿಡಿಯುವ ಕೈ ಅಪರೂಪ. ಕಂಪ್ಯೂಟರ್ ಮೌಸ್‌ನ ಸೆನ್ಸಿಟಿವಿಟಿಯನ್ನು ಪೂರ್ತಿ ಏರಿಸಿದ ಹಾಗೆ ಅಂತ ಆಲ್ಬನ್ ಒಂದು ಸಂದರ್ಶನದಲ್ಲಿ ಇದನ್ನು ವಿವರಿಸಿದ್ದರು. ಒಬ್ಬನ ಕೈಗೆ ಒಗ್ಗಿದ ಕುಡುಗೋಲು ಇನ್ನೊಬ್ಬನ ಬೆರಳು ಕುಯ್ಯುತ್ತೆ.

ಹಾಗಾಗಿ 'ಕಾರಿನ ಅಂಕ ಇಷ್ಟು, ಚಾಲಕನ ಅಂಕ ಇಷ್ಟು, ಕೂಡಿಸಿ' ಅನ್ನೋ ಲೆಕ್ಕವೇ ತಪ್ಪು. ಎರಡೂ ಗುಣಿಸಿಕೊಳ್ಳುತ್ತವೆ. ಒಂದು ಸೊನ್ನೆಯ ಹತ್ತಿರ ಹೋದರೆ ಇನ್ನೊಂದು ಎಷ್ಟು ದೊಡ್ಡದಿದ್ದರೂ ಉತ್ತರ ಸೊನ್ನೆಯ ಹತ್ತಿರವೇ.

'ಶೇ. 88 ಕಾರಿನದ್ದು' ಅಂದ್ರೆ ಏನರ್ಥ?

ಈ ಪ್ರಶ್ನೆಯನ್ನು ಸಂಖ್ಯಾಶಾಸ್ತ್ರಜ್ಞರೂ ಬಿಟ್ಟಿಲ್ಲ. ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಆಂಡ್ರೂ ಬೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ತಂಡದ ಪ್ರಭಾವ ಚಾಲಕನ ಪ್ರಭಾವಕ್ಕಿಂತ ಬಹಳ ದೊಡ್ಡದು, ಮತ್ತು ಕಾಲ ಕಳೆದಂತೆ ಅದು ಹೆಚ್ಚಾಗಿದೆ. ಮಳೆಯಲ್ಲಿ ಮತ್ತು ನಗರದ ಬೀದಿಯ ಟ್ರ್ಯಾಕುಗಳಲ್ಲಿ ಮಾತ್ರ ಅದು ತುಸು ತಗ್ಗಬಹುದು. ತಂಡದ ಲಾಭವನ್ನು ಕಳೆದು ನೋಡಿದಾಗ ಅವರ ಪಟ್ಟಿಯ ತುದಿಯಲ್ಲಿ ಬಂದಿದ್ದು 1950ರ ದಶಕದ ಹುವಾನ್ ಮ್ಯಾನುಯೆಲ್ ಫಾಂಜಿಯೊ. 2023ರಲ್ಲಿ ಪ್ರಕಟವಾದ, ಎರಿಕ್-ಯಾನ್ ವಾನ್ ಕೆಸ್ಟರೆನ್ ಮತ್ತು ಟಾಮ್ ಬರ್ಗ್‌ಕಾಂಪ್ ಅವರ ಅಧ್ಯಯನ 2014ರಿಂದ 2021ರವರೆಗಿನ ಹೈಬ್ರಿಡ್ ಎಂಜಿನ್ ಕಾಲವನ್ನು ನೋಡಿ, ಫಲಿತಾಂಶಗಳ ಏರುಪೇರಿನಲ್ಲಿ ಸುಮಾರು ಶೇ. 88 ತಂಡದಿಂದ ಬರುತ್ತೆ ಅಂತ ಅಂದಾಜಿಸಿತು.

'ನೋಡಿದ್ಯಾ, ಚಾಲಕನ ಪಾಲು ಹನ್ನೆರಡೇ' ಅಂತ ಗೆಳೆಯ ಗ್ರೂಪಿನಲ್ಲಿ ಕುಣಿದ. ಇಲ್ಲೇ ಎಡವೋದು. ಈ ಅಂಕಿ ಹೇಳೋದು ವ್ಯತ್ಯಾಸದ ಬಗ್ಗೆ, ಮಹತ್ವದ ಬಗ್ಗೆ ಅಲ್ಲ. ಒಂದು ಕಾಲೇಜಿನಲ್ಲಿ ಸಿಇಟಿಯ ಮೊದಲ ನೂರು ರ‍್ಯಾಂಕಿನವರಿಗೇ ಸೀಟು ಕೊಟ್ಟರು ಅಂದುಕೊಳ್ಳಿ. ಆ ತರಗತಿಯೊಳಗೆ ಯಾರು ಮುಂದೆ, ಯಾರು ಹಿಂದೆ ಅನ್ನೋದನ್ನು ನಿರ್ಧರಿಸೋದು ಹಾಸ್ಟೆಲ್, ಆರೋಗ್ಯ, ಮೇಷ್ಟ್ರು ಇತ್ಯಾದಿ ಆಗಿರಬಹುದು. ಅದರಿಂದ ಬುದ್ಧಿಗೆ ಬೆಲೆ ಇಲ್ಲ ಅಂತ ಆಗಲ್ಲ. ಬುದ್ಧಿಯ ಜರಡಿ ಬಾಗಿಲಲ್ಲೇ ಹಿಡಿದಾಗಿದೆ. ಫಾರ್ಮುಲಾ 1ರ ಆ ಕೆಲವೇ ಸೀಟುಗಳ ಬಾಗಿಲೂ ಹಾಗೆಯೇ. ನನ್ನನ್ನು ಆರ್‌ಬಿ19ರಲ್ಲಿ ಕೂರಿಸಿದ್ದರೆ ಪಿಟ್ ಲೇನಿನಲ್ಲೇ ಎಂಜಿನ್ ಆಫ್ ಮಾಡಿರುತ್ತಿದ್ದೆ. ನನ್ನಂಥ ಇಪ್ಪತ್ತು ಜನರನ್ನು ಸೇರಿಸಿ ಲೆಕ್ಕ ಹಾಕಿದ್ದರೆ ಆ ಶೇ. 88 ಕುಸಿದು ಬೀಳುತ್ತಿತ್ತು.

ಇದರಿಂದ ಇನ್ನೊಂದು ತೀರ್ಮಾನವೂ ಬರುತ್ತೆ. ಕಾರುಗಳು ಒಂದಕ್ಕೊಂದು ಹತ್ತಿರವಾದಷ್ಟೂ ಚಾಲಕನ ಪಾಲು ಎದ್ದು ಕಾಣುತ್ತೆ. 2021ರಿಂದ ತಂಡಗಳ ಖರ್ಚಿಗೆ ಮಿತಿ ಬಂತು. ಗೆದ್ದ ತಂಡಕ್ಕೆ ವಿಂಡ್ ಟನಲ್ ಸಮಯ ಕಡಿಮೆ, ಸೋತವರಿಗೆ ಹೆಚ್ಚು ಅನ್ನೋ ನಿಯಮವೂ ಇದೆ. 2024ರ 24 ರೇಸ್‌ಗಳನ್ನು ನಾಲ್ಕು ತಂಡಗಳ ಏಳು ಚಾಲಕರು ಹಂಚಿಕೊಂಡರು, ಏಳೂ ಜನ ಕನಿಷ್ಠ ಎರಡೆರಡು ಗೆದ್ದರು. 2025ರಲ್ಲಿ ಮ್ಯಾಕ್ಲಾರೆನ್‌ನ ಲ್ಯಾಂಡೊ ನಾರಿಸ್ 423, ವರ್ಸ್ಟಪೆನ್ 421, ಮ್ಯಾಕ್ಲಾರೆನ್‌ನ ಇನ್ನೊಬ್ಬ ಚಾಲಕ ಆಸ್ಕರ್ ಪಿಯಾಸ್ಟ್ರಿ 410. ಒಟ್ಟಾರೆ ಒಳ್ಳೆ ಕಾರು ಮ್ಯಾಕ್ಲಾರೆನ್‌ನದ್ದೇ, ತಂಡಗಳ ಪ್ರಶಸ್ತಿಯೂ ಅವರದ್ದೇ. ಆದರೂ ವೈಯಕ್ತಿಕ ಪ್ರಶಸ್ತಿ ಎರಡು ಅಂಕದ ಅಂತರಕ್ಕೆ ಬಂದು ನಿಂತಿತ್ತು. ಮ್ಯಾಕ್ಲಾರೆನ್‌ಗೆ ಇಬ್ಬರು ಸಮಬಲರು, ಒಬ್ಬರ ಅಂಕ ಇನ್ನೊಬ್ಬರು ತಿಂದರು. ರೆಡ್ ಬುಲ್‌ಗೆ ಒಬ್ಬರೇ.

'ಎಲ್ಲರಿಗೂ ಒಂದೇ ಕಾರು ಕೊಟ್ಟುಬಿಡಿ' ಅನ್ನೋರಿಗೆ ಫಾರ್ಮುಲಾ 2 ನೋಡಿ ಅಂತೀನಿ. ಅಲ್ಲಿ ಎಲ್ಲರದ್ದೂ ಡಲ್ಲಾರಾ ಚಾಸಿ, ಮೆಕಾಕ್ರೋಮ್ ಎಂಜಿನ್. 2024ರಲ್ಲಿ ಬೆಂಗಳೂರಿನ ಕುಶ್ ಮೈನಿ ಮತ್ತು ಬ್ರೆಜಿಲ್‌ನ ಗೇಬ್ರಿಯಲ್ ಬೊರ್ಟೊಲೆಟೊ ಒಂದೇ ತಂಡದಲ್ಲಿದ್ದರು. ಬೊರ್ಟೊಲೆಟೊ ಚಾಂಪಿಯನ್ ಆದರು, ಕುಶ್ 13ನೇ ಸ್ಥಾನ. 2025ರಲ್ಲಿ ಬೇರೆ ತಂಡಕ್ಕೆ ಹೋದ ಕುಶ್ ಮೊನಾಕೊದ ಸ್ಪ್ರಿಂಟ್ ರೇಸ್ ಗೆದ್ದರು. ಕಾರು ಒಂದೇ ಆದರೂ ಅದನ್ನು ಹದಗೊಳಿಸುವ ಎಂಜಿನಿಯರ್, ತಂಡದ ಅನುಭವ, ಆ ದಿನದ ಟೈರು ಒಂದೇ ಇರಲ್ಲ.

ಮುಂದಿನ ಭಾನುವಾರ ನೀವೇ ನೋಡೋದಾದ್ರೆ

ಒಂದು, ಕ್ವಾಲಿಫೈಯಿಂಗ್‌ನಲ್ಲಿ ಟೀಮ್‌ಮೇಟ್‌ಗಳ ಅಂತರ ಬರೆದಿಡಿ. ಇಬ್ಬರೂ ಓಡಿದ ಕೊನೆಯ ಸುತ್ತಿನ ಸಮಯ ಮಾತ್ರ ತಗೊಳ್ಳಿ. ಹತ್ತು ರೇಸ್ ಆದಮೇಲೆ ಸರಾಸರಿ ಬೇಡ, ನಡುವಿನ ಅಂಕಿ ನೋಡಿ. ಒಂದು ಅಪಘಾತ ಸರಾಸರಿಯನ್ನು ಹಾಳುಮಾಡುತ್ತೆ. ಅಂತರ 0.1 ಸೆಕೆಂಡಿನೊಳಗಿದ್ದರೆ ಇಬ್ಬರೂ ಸಮ ಅಂದುಕೊಳ್ಳಿ. 0.3 ದಾಟಿದರೆ ಅದು ದೊಡ್ಡದು.

ಎರಡು, ಟ್ರ್ಯಾಕನ್ನು ಮೂರು ಸೆಕ್ಟರ್ ಮಾಡಿ ಸಮಯ ತೋರಿಸ್ತಾರೆ. ಒಂದು ತಂಡದ ಎರಡೂ ಕಾರು ಒಂದೇ ಸೆಕ್ಟರಿನಲ್ಲಿ ಹಿಂದಿದ್ದರೆ ಅದು ಕಾರಿನ ಗುಣ. ಒಂದೇ ಕಾರು ಹಿಂದಿದ್ದರೆ ಚಾಲಕನೋ, ಸೆಟಪ್ಪೋ ಅಂತ ಯೋಚಿಸಿ.

ಮೂರು, ಮಳೆ ಬಂದರೆ ಎದ್ದು ಕೂತು ನೋಡಿ. 2024ರ ಬ್ರೆಜಿಲ್‌ನಲ್ಲಿ ವರ್ಸ್ಟಪೆನ್ 17ನೇ ಸ್ಥಾನದಿಂದ ಹೊರಟು ಗೆದ್ದಿದ್ದು ಮಳೆಯಲ್ಲೇ.

ನಾಲ್ಕು, ತಂಡ ಬದಲಿಸಿದವರನ್ನು ಹಿಂಬಾಲಿಸಿ, ಆದರೆ ತೀರ್ಪಿಗೆ ಅರ್ಧ ವರ್ಷ ಕೊಡಿ.

ನಮ್ಮ ಕಾರು, ನಮ್ಮ ಚಾಲಕ

ಈಗ ಆ ಗೆಳೆಯನ ವಿಷಯ. ಕೊನೆಯ ವರ್ಷದಲ್ಲಿ ನಾವೊಂದು ಇಪ್ಪತ್ತು ಜನ ಸೇರಿ, ರಾತ್ರಿಯೆಲ್ಲ ವರ್ಕ್‌ಶಾಪಿನಲ್ಲಿ ಬಿದ್ದು, ವಿದ್ಯಾರ್ಥಿಗಳ ಸ್ಪರ್ಧೆಗೆ ಒಂದು ರೇಸ್ ಕಾರು ಕಟ್ಟಿದೆವು. ಬ್ರೇಕ್ ನನ್ನ ಜವಾಬ್ದಾರಿ. ಓಡಿಸೋದು ಅವನ ಜವಾಬ್ದಾರಿ. ಬ್ರೇಕ್ ಪರೀಕ್ಷೆ ಪಾಸಾಯಿತು. ಕೊನೆಯ ದಿನದ ದೀರ್ಘ ಓಟದಲ್ಲಿ ಮೂರನೇ ಲ್ಯಾಪಿಗೆ ಕಾರು ತಿರುವಿನಲ್ಲಿ ಗಿರಕಿ ಹೊಡೆಯಿತು. ಸರಿಮಾಡಿಕೊಂಡು ಹೊರಟ. ಎರಡು ಲ್ಯಾಪ್ ಆದಮೇಲೆ ಮತ್ತೆ ಗಿರಕಿ, ಈ ಸಲ ಟೈರಿನ ಗೋಡೆಗೆ. ಒಂದು ವರ್ಷದ ಕೆಲಸ ಅಲ್ಲಿಗೆ ಮುಗೀತು.

'ಬ್ರೇಕ್ ಹಾಕಿದ್ರೆ ಹಿಂದೆ ಎಳೀತಿತ್ತು ಕಣ್ರೋ' ಅಂತ ಅವನು ಹೇಳಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ವಾಪಸ್ ಬರುವ ರೈಲಿನಲ್ಲಿ ಇಡೀ ಬೋಗಿಯೇ ಅವನ ಮೇಲೆ ಸಿಟ್ಟಾಗಿತ್ತು. 'ಇನ್ನೊಬ್ಬನನ್ನು ಕೂರಿಸಬೇಕಿತ್ತು' ಅಂತ ಮೊದಲು ಹೇಳಿದವನು ನಾನೇ.

ಎರಡು ವಾರದ ನಂತರ ಕಾರು ಬಿಚ್ಚಿದಾಗ ಸಿಕ್ಕಿತು. ಮುಂದಿನ ಮತ್ತು ಹಿಂದಿನ ಬ್ರೇಕ್‌ಗೆ ಒತ್ತಡ ಹಂಚುವ ಬ್ಯಾಲೆನ್ಸ್ ಬಾರ್‌ನ ಲಾಕ್ ನಟ್ ಸಡಿಲ. ಓಡಿದಂತೆ ಬಾರ್ ತಿರುಗಿ ಒತ್ತಡ ಹಿಂದಿನ ಚಕ್ರಗಳ ಕಡೆಗೆ ಸರಿದಿತ್ತು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ಹೋಗುತ್ತೆ, ಹಿಂದಿನ ಚಕ್ರ ಹಗುರಾಗುತ್ತೆ. ಆಗ ಹಿಂದೆಯೇ ಹೆಚ್ಚು ಬ್ರೇಕ್ ಬಿದ್ದರೆ ಮೊದಲು ಲಾಕ್ ಆಗೋದು ಹಿಂದಿನ ಚಕ್ರ, ಕಾರು ತಿರುಗಲೇಬೇಕು. ಅಷ್ಟು ಹೊತ್ತು ಅದನ್ನು ಟ್ರ್ಯಾಕಿನ ಮೇಲೆ ಇಟ್ಟುಕೊಂಡಿದ್ದೇ ಅವನ ಕೈಚಳಕ. ಆ ನಟ್ ಬಿಗಿ ಮಾಡಬೇಕಿದ್ದವನು ನಾನು. ನಟ್ ಬಿಗಿ ಮಾಡಿದೆ, ಕಾರಿಗೆ ಹೊದಿಕೆ ಹೊದಿಸಿದೆ, ಯಾರಿಗೂ ಹೇಳಲಿಲ್ಲ. ಪರೀಕ್ಷೆ ಹತ್ತಿರವಿತ್ತು ಅನ್ನೋದು ನೆಪ.

ಈ ಲೇಖನ ಬರೆಯೋದಕ್ಕೆ ಅಂಕಿಗಳನ್ನು ಜೋಡಿಸ್ತಾ ಇದ್ದಾಗ, ಒಂದೇ ಕಾರಿನ ಇಬ್ಬರು ಚಾಲಕರನ್ನು ಹೋಲಿಸೋಕೆ ಇಷ್ಟೆಲ್ಲ ಎಚ್ಚರಿಕೆ ಹೇಳ್ತಿರೋ ನಾನು, ಅವತ್ತು ಹೋಲಿಸೋಕೆ ಇನ್ನೊಬ್ಬ ಚಾಲಕನೇ ಇಲ್ಲದೆ ತೀರ್ಪು ಕೊಟ್ಟಿದ್ದೆ ಅಂತ ಹೊಳೆಯಿತು. ಕಳೆದ ವಾರ ಅವನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, 'ಬ್ಯಾಲೆನ್ಸ್ ಬಾರ್ ಅಂತ ನನಗೆ ಅವತ್ತೇ ಅನ್ನಿಸಿತ್ತು. ಆದ್ರೆ ಎಲ್ಲಾರೂ ಹಾಗೆ ಹೇಳಿದ ಮೇಲೆ ನನ್ನ ಕೈಯೇ ಸರಿ ಇರಲಿಲ್ವೇನೋ ಅಂದ್ಕೊಂಡೆ' ಅಂದ. ಗ್ರೂಪಿನಲ್ಲೂ ಇದನ್ನು ಬರೆಯಲಾ ಅಂತ ಕೇಳಿದೆ. 'ಬರಿ, ಆದ್ರೆ ರೇಸ್ ಇಲ್ಲದ ವಾರ ಬರಿ. ಇಲ್ಲಾಂದ್ರೆ ಯಾರೂ ಓದಲ್ಲ' ಅಂದ.

ಈ ವಾರ ರೇಸ್ ಇಲ್ಲ.